ಐಪ್ಯಾಡಿನಿಂದ ಪ್ಯಾನೆಲ್‌ಗೆ ರೂಟ್: ಹಾರುತ್ತಿರುವಾಗಲೇ ದಾರಿ ಬದಲಿಸುವ ಬಗ್ಗೆ

ಮಲ್ಲಿಗೆ_172

ಎಲ್ಲರಿಗೂ ನಮಸ್ಕಾರ. ಕ್ಲಬ್ಬಿನ ಸಣ್ಣ ವಿಮಾನ ಸೆಸ್ನಾ 172ರ ಪ್ಯಾನೆಲ್‌ನಲ್ಲಿ ಗಾರ್ಮಿನ್ ಜಿಟಿಎನ್ 650 (ಜಿಪಿಎಸ್ ನ್ಯಾವಿಗೇಟರ್) ಇದೆ, ಅದರ ಕಾರ್ಡ್ ಸ್ಲಾಟಿನಲ್ಲಿ ಐಪ್ಯಾಡ್ ಜೊತೆ ತಂತಿಯಿಲ್ಲದೆ ಮಾತಾಡೋ ಫ್ಲೈಟ್ ಸ್ಟ್ರೀಮ್ 510. ಟ್ರಾನ್ಸ್‌ಪಾಂಡರ್ (ರಾಡಾರಿಗೆ ವಿಮಾನದ ಗುರುತು ಕೊಡೋ ರೇಡಿಯೋ) ಜಿಟಿಎಕ್ಸ್ 345. ಆಟೋಪೈಲಟ್ ಎರಡು ಆಕ್ಸಿಸ್‌ದು. ನನ್ನ ಕಡೆ ಐಪ್ಯಾಡ್ ಮಿನಿ, ಅದರಲ್ಲಿ ಫೋರ್‌ಫ್ಲೈಟ್ ಅನ್ನೋ ನಕಾಶೆ ಆ್ಯಪ್. ನೆಲದ ಮೇಲೆ ಎಂಜಿನ್ ಶುರು ಮಾಡೋ ಮುಂಚೆ ರೂಟ್ ಕಳಿಸೋದು ಸಲೀಸಾಗಿ ಆಗುತ್ತೆ. ಗೊಂದಲ ಇರೋದು ಮೇಲೆ ಹೋದಮೇಲೆ.

ಉದಾಹರಣೆಗೆ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಿಂದ ಸಾಂಟಾ ಬಾರ್ಬರಾಗೆ ಹೊರಟಿದ್ದೀವಿ ಅಂದ್ಕೊಳ್ಳಿ. ಸಲೀನಸ್ ವಿಒಆರ್, ಪಾಸೊ ರೋಬಲ್ಸ್ ವಿಒಆರ್, ಸ್ಯಾನ್ ಮಾರ್ಕಸ್ ವಿಒಆರ್ (ದಾರಿ ತೋರಿಸೋ ನೆಲದ ರೇಡಿಯೋ ಕೇಂದ್ರಗಳು) ಮೇಲಿಂದ, ಸುಮಾರು 215 ನಾಟಿಕಲ್ ಮೈಲಿ. ಸಲೀನಸ್ ದಾಟಿದ ಮೇಲೆ ಸಾಂಟಾ ಬಾರ್ಬರಾದಲ್ಲಿ ಸಮುದ್ರದ ಮೋಡ ಕೆಳಗೆ ಕೂತಿದೆ, ಬೇಗ ಏಳೋ ಹಾಗೆ ಕಾಣ್ತಿಲ್ಲ. ಬೇಕರ್ಸ್‌ಫೀಲ್ಡ್ ಕಡೆ ತಿರುಗೋಣ ಅಂತ ಐಪ್ಯಾಡಿನಲ್ಲಿ ಹೊಸ ದಾರಿ ಎಳೀತೀವಿ. ಅದನ್ನ ಪ್ಯಾನೆಲ್‌ಗೆ ಕಳಿಸೋ ಸರಿಯಾದ ಕ್ರಮ ಏನು? ಎಲ್ಲಿ ಎಡವ್ತಾರೆ? ಆಟೋಪೈಲಟ್ ಆನ್ ಇದ್ರೆ ಏನಾಗುತ್ತೆ?

ಹಾರುವ_ಭಟ್ಟ

ಮೇಡಂ, ಕೊನೆಯ ಪ್ರಶ್ನೆಯಿಂದ ಶುರು ಮಾಡ್ತೇನೆ, ಯಾಕೆಂದರೆ ಪೆಟ್ಟು ಬೀಳುವುದು ಅಲ್ಲಿಯೇ.

ಐಪ್ಯಾಡಿನಲ್ಲಿ ಸೆಂಡ್ ಒತ್ತುವ ಮೊದಲು ಆಟೋಪೈಲಟ್ಟಿನಲ್ಲಿ ಹೆಡಿಂಗ್ ಮೋಡ್ (ಕೊಟ್ಟ ದಿಕ್ಕನ್ನು ಮಾತ್ರ ಹಿಡಿಯುವುದು) ಒತ್ತಿ. ಅದಕ್ಕೂ ಮೊದಲು ಹೆಡಿಂಗ್ ಬಗ್, ಅಂದರೆ ದಿಕ್ಕು ಕೊಡುವ ಗುರುತು, ಈಗಿನ ದಿಕ್ಕಿಗೆ ಸರಿಯಾಗಿ ಇದೆಯೋ ನೋಡಿ, ಇಲ್ಲದಿದ್ದರೆ ಮೋಡ್ ಬದಲಾದ ಕೂಡಲೇ ವಿಮಾನ ಬಗ್ ಹಿಂದೆ ಓಡ್ತದೆ. ನ್ಯಾವ್ ಮೋಡಿನಲ್ಲಿ (ಜಿಪಿಎಸ್ ಗೆರೆಯನ್ನು ಹಿಂಬಾಲಿಸುವುದು) ಇರುವಾಗಲೇ ಹೊಸ ಪ್ಲಾನ್ ಆಕ್ಟಿವೇಟ್ ಮಾಡಿದರೆ ಆಟೋಪೈಲಟ್ ಆ ಕ್ಷಣಕ್ಕೆ ಯಾವ ಲೆಗ್ (ಎರಡು ಪಾಯಿಂಟಿನ ನಡುವಿನ ಗೆರೆ) ಆಕ್ಟಿವ್ ಇದೆಯೋ ಅದನ್ನೇ ಹಿಡೀತದೆ. ನೀವು ಕಳಿಸಿದ ಪ್ಲಾನ್ ಪಾಲೊ ಆಲ್ಟೊದಿಂದಲೇ ಶುರುವಾಗಿದ್ದರೆ ಬೆನ್ನ ಹಿಂದೆ ಬಿಟ್ಟು ಬಂದ ಲೆಗ್ಗೇ ಆಕ್ಟಿವ್ ಆಗಿ ಕೂರಬಹುದು. ವಿಮಾನ ಸದ್ದಿಲ್ಲದೆ ಹಿಂದಕ್ಕೆ ವಾಲಲು ಶುರು ಮಾಡ್ತದೆ, ನಿಮ್ಮ ತಲೆ ಇನ್ನೂ ಐಪ್ಯಾಡಿನಲ್ಲಿಯೇ.

ಎರಡನೆಯದು, ಕಳಿಸುವ ಮೊದಲು ರೂಟನ್ನು ಕತ್ತರಿಸಿ. ಹೊರಟ ಊರು ತೆಗೀರಿ. ಆದರೆ ಈಗಷ್ಟೇ ದಾಟಿದ ಪಾಯಿಂಟ್ ಇಟ್ಟುಕೊಳ್ಳಿ, ಅಂದರೆ ಸಲೀನಸ್. ಜಿಪಿಎಸ್ ನ್ಯಾವಿಗೇಟರಿಗೆ ಲೆಗ್ ಅಂದರೆ ಎರಡು ತುದಿ ಬೇಕು. ಸಲೀನಸ್ ತೆಗೆದು ಪಾಸೊ ರೋಬಲ್ಸ್ ಮೊದಲ ಪಾಯಿಂಟ್ ಮಾಡಿದರೆ ಈಗ ನೀವು ಹಾರುತ್ತಿರುವ ಗೆರೆಯೇ ಪ್ಲಾನಿನಲ್ಲಿ ಇರುವುದಿಲ್ಲ.

ಹಾಗಾಗಿ ಕಳಿಸುವ ರೂಟ್: ಸಲೀನಸ್ ವಿಒಆರ್, ಪಾಸೊ ರೋಬಲ್ಸ್ ವಿಒಆರ್, ಅವೆನಾಲ್ ವಿಒಆರ್, ಬೇಕರ್ಸ್‌ಫೀಲ್ಡಿನ ಮೆಡೋಸ್ ಫೀಲ್ಡ್. ಜಿಟಿಎನ್‌ನಲ್ಲಿ ಹೊಸ ಪ್ಲಾನ್ ಬಂದಿದೆ ಅಂತ ಸೂಚನೆ ಬರ್ತದೆ. ಪ್ರಿವ್ಯೂ ನೋಡಿ. ಒಂದೊಂದು ಪಾಯಿಂಟನ್ನೂ ಬಾಯಿಬಿಟ್ಟು ಓದಿ. ಆಮೇಲೆ ಆಕ್ಟಿವೇಟ್. ಆಮೇಲೆ ಸಲೀನಸ್–ಪಾಸೊ ರೋಬಲ್ಸ್ ಲೆಗ್ ಕೈಯಾರೆ ಆಕ್ಟಿವೇಟ್. ಮೆಜೆಂಟಾ ಗೆರೆ ಮೂಗಿನ ಮುಂದೆ ಇದೆಯೋ, ಡಿಟಿಕೆ (ಹಾರಬೇಕಾದ ಗೆರೆಯ ದಿಕ್ಕು) ನೀವು ಅಂದಾಜು ಮಾಡಿದ ಅಂಕಿಗೆ ಹತ್ತಿರ ಇದೆಯೋ, ಸಿಡಿಐ (ಗೆರೆಯಿಂದ ಎಷ್ಟು ಸರಿದಿದ್ದೀರಿ ತೋರಿಸುವ ಸೂಜಿ) ಜಿಪಿಎಸ್‌ಗೆ ಇದೆಯೋ ನೋಡಿ. ಇಷ್ಟೂ ಸರಿ ಇದ್ದರೆ ಮಾತ್ರ ನ್ಯಾವ್.

ಕೇಳುವಾಗ ಉದ್ದ ಅನ್ನಿಸ್ತದೆ, ಮಾಡುವಾಗ ಒಂದು ನಿಮಿಷದ ಕೆಲಸ.

ಧಾರವಾಡ_ಪೇಢಾ

ಭಟ್ರ ಮಾತಿಗೆ ಒಂದು ಸೇರಸ್ತೀನ್ರಿ. ಒಂದ ಊರಿಗೆ ನೆಟ್ಟಗ ಹೋಗೋದಿದ್ರ ಐಪ್ಯಾಡ್ ಯಾಕ ಬೇಕು? ಪಾಸೊ ರೋಬಲ್ಸ್‌ನ್ಯಾಗ ಇಳೀಬೇಕು ಅಂದ್ರ ಡೈರೆಕ್ಟ್-ಟು ಒತ್ತಿ ಹೆಸರು ಹೊಡದು ಎಂಟರ್ ಹೊಡದ್ರ ಮುಗೀತು. ಐಪ್ಯಾಡಿಂದ ಕಳಸೋದು ಮೂರು-ನಾಕು ಪಾಯಿಂಟ್ ಬದಲಾದಾಗ, ಇಲ್ಲಾ ಎಟಿಸಿ (ವಿಮಾನ ಸಂಚಾರ ನಿಯಂತ್ರಣದವರು) ಉದ್ದನ್ನ ಹೊಸ ಕ್ಲಿಯರೆನ್ಸ್ ಕೊಟ್ಟಾಗ ಮಾತ್ರ ಲಾಭ.

ಹೆಸರು ಹೊಡಿಯೋವಾಗ ಇನ್ನೊಂದು ಮಾತು. ಪಿಆರ್‌ಬಿ ಅಂದ್ರ ವಿಒಆರ್. ಕೆಪಿಆರ್‌ಬಿ ಅಂದ್ರ ಏರ್‌ಪೋರ್ಟ್. ಸಲೀನಸ್‌ದೂ ಹಂಗ, ಎಸ್‌ಎನ್‌ಎಸ್ ಬ್ಯಾರೆ, ಕೆಎಸ್‌ಎನ್‌ಎಸ್ ಬ್ಯಾರೆ. ನಕಾಶೆದಾಗ ಎರಡೂ ಒಂದರ ಮ್ಯಾಲ ಒಂದು ಕುಂತಾವ, ಬೆರಳು ಇಟ್ರ ಯಾವುದು ಸಿಗತೈತಿ ಹೇಳಾಕ ಬರಂಗಿಲ್ಲ. ಕೊನೀ ಪಾಯಿಂಟ್ ವಿಒಆರ್ ಆಗಿಬಿಟ್ರ ಪ್ಯಾನೆಲ್‌ನ್ಯಾಗ ಅಪ್ರೋಚ್ (ಇಳಿಯಾಕ ಗೊತ್ತುಮಾಡಿದ ದಾರಿ) ಲೋಡ್ ಮಾಡಾಕ ಹೋದಾಗ ಆ ಊರಿನ ಅಪ್ರೋಚ್ ತಾನಾಗಿ ಬರಂಗಿಲ್ಲ. ಅಲ್ಲೇ ತಲಿ ಕೆಡತೈತಿ, ಅದೂ ಇಳಿಯೋ ಹೊತ್ತಿನ್ಯಾಗ.

ಮಲ್ಲಿಗೆ_172

ಇಬ್ಬರಿಗೂ ಧನ್ಯವಾದ. ಎರಡು ಉಪಪ್ರಶ್ನೆ. ಪ್ಯಾನೆಲ್‌ನಲ್ಲಿ ಮೊದಲೇ ಅಪ್ರೋಚ್ ಲೋಡ್ ಆಗಿದ್ದು, ಆಮೇಲೆ ಐಪ್ಯಾಡಿನಿಂದ ರೂಟ್ ಕಳಿಸಿದ್ರೆ? ಇನ್ನೊಂದು, ಜಿಟಿಎಕ್ಸ್ 345ಕ್ಕೂ ಬ್ಲೂಟೂತ್ ಇದೆ, ಫ್ಲೈಟ್ ಸ್ಟ್ರೀಮ್‌ಗೂ ಇದೆ. ಯಾವುದಕ್ಕೆ ಜೋಡಿಸ್ಬೇಕು?

ಹಾರುವ_ಭಟ್ಟ

ಮೊದಲಿನದಕ್ಕೆ: ಹೊಸ ಪ್ಲಾನ್ ಹಳೆಯದನ್ನು ಪೂರ್ತಿ ಅಳಿಸಿ ಕೂರ್ತದೆ. ಲೋಡ್ ಮಾಡಿದ ಅಪ್ರೋಚ್, ಬದಲಿಸಿದ ಎತ್ತರ, ಹಾಕಿಟ್ಟ ಹೋಲ್ಡ್ (ಕಾಯುತ್ತ ಸುತ್ತುವ ದಾರಿ) ಎಲ್ಲ ಹೋಯಿತು ಅಂತಲೇ ತಿಳಿಯಿರಿ. ಹಾಗಾಗಿ ಅಪ್ರೋಚ್ ಲೋಡ್ ಆದ ಮೇಲೆ ಐಪ್ಯಾಡಿನಿಂದ ಏನನ್ನೂ ಕಳಿಸಬೇಡಿ. ಬದಲಾವಣೆ ಬೇಕಿದ್ದರೆ ಜಿಟಿಎನ್ ಪರದೆಯ ಮೇಲೆಯೇ ಮಾಡಿ.

ಡಿಪಾರ್ಚರ್, ಅರೈವಲ್, ಅಪ್ರೋಚ್ ಯಾವುದೆಲ್ಲ ಗಾಳಿಯಲ್ಲಿ ದಾಟಿ ಹೋಗ್ತದೆ ಎನ್ನುವುದು ಪ್ಯಾನೆಲ್ಲಿನ ಮಾದರಿ ಮತ್ತು ಸಾಫ್ಟ್‌ವೇರ್ ಮೇಲೆ ನಿಂತಿದೆ. ನಾನು ಶಿಷ್ಯರಿಗೆ ಹೇಳುವುದು ಒಂದೇ: ದಾರಿ ಐಪ್ಯಾಡಿನಿಂದ ಬರಲಿ, ಅಪ್ರೋಚ್ ಯಾವತ್ತೂ ಪ್ಯಾನೆಲ್ಲಿನ ಪ್ರೊಸೀಜರ್ ಪುಟದಿಂದಲೇ ಬರಲಿ. ಐಎಫ್‌ಆರ್‌ನಲ್ಲಿ (ಉಪಕರಣ ನೋಡಿ ಹಾರುವ ನಿಯಮದಲ್ಲಿ) ನ್ಯಾವಿಗೇಷನ್ನಿಗೆ ಲೆಕ್ಕಕ್ಕೆ ಬರುವ ಜಿಪಿಎಸ್ ಟಿಎಸ್‌ಒ ಮಾನ್ಯತೆ ಇರುವ ಆ ಡಬ್ಬಿ ಮಾತ್ರ, ಐಪ್ಯಾಡ್ ಅಲ್ಲ.

ವೈರಿಂಗ್_ಗೌಡ

ಎರಡನೇದು ನನ್ನ ಕೆಲಸ. ಈ ಗೊಂದಲ ಸುಮಾರು ಜನಕ್ಕೆ ಇದೆ.

ಜಿಟಿಎಕ್ಸ್ 345 ಐಪ್ಯಾಡಿಗೆ ಕೊಡೋದು ಟ್ರಾಫಿಕ್, ಹವಾಮಾನ, ಜಿಪಿಎಸ್ ಸ್ಥಾನ, ಬ್ಯಾಕಪ್ ಆಟಿಟ್ಯೂಡ್ (ವಿಮಾನ ಎಷ್ಟು ವಾಲಿದೆ ಅನ್ನೋದು). ಫ್ಲೈಟ್ ಪ್ಲಾನ್ ಅದರ ಬ್ಲೂಟೂತ್ ಮೂಲಕ ಹೋಗಲ್ಲ, ಬರಲ್ಲ. ಪ್ಲಾನ್ ಎರಡೂ ಕಡೆ ಓಡಾಡ್ಬೇಕು ಅಂದ್ರೆ ಫ್ಲೈಟ್ ಸ್ಟ್ರೀಮ್ ಬೇಕೇ ಬೇಕು. "345 ಹಾಕಿಸ್ದೆ, ರೂಟ್ ಹೋಗ್ತಾನೇ ಇಲ್ಲ" ಅನ್ನೋರಿಗೆಲ್ಲ ಇದೇ ಉತ್ತರ. ಟ್ರಾನ್ಸ್‌ಪಾಂಡರ್ ಮತ್ತು ಜಿಟಿಎನ್ ನಡುವೆ ವೈರ್ ಇದ್ರೆ ಟ್ರಾಫಿಕ್, ಹವಾಮಾನ ಫ್ಲೈಟ್ ಸ್ಟ್ರೀಮ್ ದಾರಿಯಲ್ಲೇ ಐಪ್ಯಾಡಿಗೆ ಬರುತ್ತೆ, ಆಗ 345ಕ್ಕೆ ಬೇರೆ ಜೋಡಿಸೋದು ಬೇಡ.

ಫ್ಲೈಟ್ ಸ್ಟ್ರೀಮ್ ಸಂಸಾರದ ಲೆಕ್ಕ ಹೀಗಿದೆ. 110 ಹಳೇದು, ಏಡಿಎಸ್-ಬಿ (ಟ್ರಾಫಿಕ್, ಹವಾಮಾನ ತರೋ ರೇಡಿಯೋ) ಮತ್ತು ಎಕ್ಸ್‌ಎಂ (ಉಪಗ್ರಹದ್ದು) ರಿಸೀವರಿನ ಮಾಹಿತಿನ ಐಪ್ಯಾಡಿಗೆ ಕೊಡುತ್ತೆ ಅಷ್ಟೆ. 210 ಪ್ರತ್ಯೇಕ ಡಬ್ಬಿ, ಪ್ಯಾನೆಲ್ ಹಿಂದೆ ಕೂರುತ್ತೆ, ಜಿಎನ್‌ಎಸ್ 430ಡಬ್ಲ್ಯು, 530ಡಬ್ಲ್ಯು ನ್ಯಾವಿಗೇಟರ್ ಅಥವಾ ಜಿಟಿಎನ್ ಜೊತೆ ಆರ್‌ಎಸ್-232 ತಂತಿಯಲ್ಲಿ ಮಾತಾಡುತ್ತೆ. ಅದರೊಳಗೆ ಆಟಿಟ್ಯೂಡ್ ಸೆನ್ಸರ್ ಇದೆ, ಹಾಗಾಗಿ ಸಿಕ್ಕ ಕಡೆ ಜಿಪ್ ಟೈ ಹಾಕಿ ಕಟ್ಟೋ ಹಾಗಿಲ್ಲ. ವಿಮಾನದ ಆಕ್ಸಿಸ್‌ಗೆ ಸರಿಯಾಗಿ, ಅಲುಗಾಡದ ಹಾಗೆ ಬಿಗೀಬೇಕು. 510 ಕಾರ್ಡ್ ಆಕಾರದ್ದು, ಬ್ಲೂಟೂತ್ ಜೊತೆಗೆ ವೈಫೈನೂ ಇದೆ. ವೈಫೈ ಇರೋದು ಡೇಟಾಬೇಸ್ ಕಳಿಸೋಕೆ.

ಆ ಡೇಟಾಬೇಸ್ ಕೆಲಸ, ಅಂದ್ರೆ ಡೇಟಾಬೇಸ್ ಕನ್ಸಿಯರ್ಜ್, ಗಾರ್ಮಿನ್ ಪೈಲಟ್ ಆ್ಯಪ್ ಮೂಲಕ ಆಗುತ್ತೆ. ಫೋರ್‌ಫ್ಲೈಟ್‌ನಲ್ಲಿ ಹಾರೋರೂ ಇದೊಂದಕ್ಕೆ ಅಂತಾನೇ ಗಾರ್ಮಿನ್ ಪೈಲಟ್ ಇಟ್ಕೊಂಡಿರ್ತಾರೆ.

ಧಾರವಾಡ_ಪೇಢಾ

ಗೌಡ್ರು ಡೇಟಾಬೇಸ್ ಸುದ್ದಿ ತಗದ್ರು, ಛಲೋ ಆತು. ಪ್ಲಾನ್ ಹೋಗೋದ ಹೋಗದ ಇರೋದ ಅರ್ಧ ಅಲ್ಲೇ ಐತ್ರಿ.

ನ್ಯಾವಿಗೇಷನ್ ಡೇಟಾ 28 ದಿನಕ್ಕೊಮ್ಮೆ ಬದಲಾಗತೈತಿ. ಐಪ್ಯಾಡ್ ಮನ್ಯಾಗ ವೈಫೈ ಹಚ್ಚಿದ ಕೂಡ್ಲೆ ಹೊಸಾದು ಇಳಿಸ್ಕೋತೈತಿ. ಪ್ಯಾನೆಲ್‌ನ್ಯಾಗ ಯಾರಾರ ಹೋಗಿ ಹಾಕೂತನಕ ಹಳೇದ. ಕ್ಲಬ್ಬಿನ ವಿಮಾನ ಅಂದ್ರ ಅದು ಯಾರ ಕೆಲಸ ಅಂತ ಯಾರಿಗೂ ಗೊತ್ತಿರಂಗಿಲ್ಲ. ಹೊಸಾ ಸೈಕಲ್‌ನ್ಯಾಗ ಒಂದು ಪಾಯಿಂಟಿನ ಹೆಸರು ಬದಲಾಗಿತ್ತು ಅನ್ರಿ, ಐಪ್ಯಾಡ್ ಅದನ್ನ ಕಳಸತೈತಿ, ಪ್ಯಾನೆಲ್ ಅದನ್ನ ಕಂಡಿಲ್ಲ. ಪ್ಲಾನ್ ಪೂರ್ತಿ ಬರಂಗಿಲ್ಲ, ಇಲ್ಲಾ ನಡುವ ಒಂದು ಪಾಯಿಂಟ್ ಕೆಟ್ಟು ಕುಂತಿರತೈತಿ. ಬ್ಲೂಟೂತ್ ಕೆಟ್ಟೈತಿ ಅಂತ ಮಂದಿ ತಂತಿ ಕೆದರತಾರ. ಹೊರಡೋಕ ಮುಂಚೆ ಎರಡೂ ಕಡೆ ತಾರೀಖು ನೋಡ್ರಿ. ಪ್ಯಾನೆಲ್ ಆನ್ ಆಗೋವಾಗ ಅದ ತೋರಸತೈತಿ, ಮಂದಿ ಓಕೆ ಒತ್ತಿ ಮುಂದ ಹೋಗ್ತಾರ.

430ಡಬ್ಲ್ಯು ಇಟ್ಕೊಂಡವರಿಗೆ: ಅದಕ್ಕ ಏರ್‌ವೇ (ನಕಾಶೆದಾಗ ಹೆಸರಿಟ್ಟ ಆಕಾಶದ ಹಾದಿ) ಗೊತ್ತಿಲ್ಲ. ಏರ್‌ವೇ ಇರೋ ರೂಟನ್ನ ಬಿಡಿ ಬಿಡಿ ಪಾಯಿಂಟ್ ಆಗಿ ಒಡದ ಹಾಕಬೇಕು. ಒಂದು ಪ್ಲಾನಿಗೆ 31 ಪಾಯಿಂಟ್ ಅಷ್ಟ ಹಿಡಸತೈತಿ. ಏರ್‌ವೇ ಮ್ಯಾಲ ಸಣ್ಣ ಸಣ್ಣ ಫಿಕ್ಸ್ ಭಾಳ ಇರತಾವ, ಉದ್ದನ ದಾರಿ ಇದ್ರ 31 ದಾಟೋದು ಸುಲಭ. ತಿರುವು ಇರೋ ಪಾಯಿಂಟ್ ಇಟ್ಕೊಂಡು ನೆಟ್ಟಗಿನ ಗೆರಿ ಮ್ಯಾಲಿನವನ್ನ ತಗದ ಹಾಕ್ರಿ. ಜಿಟಿಎನ್‌ಗೆ ಏರ್‌ವೇ ತಿಳೀತೈತಿ, ಪಾಯಿಂಟೂ 100 ತನಕ ಹಿಡಸತೈತಿ, ಅದರ ಚಿಂತಿ ಇಲ್ಲ.

ಮತ್ತ ನಕಾಶೆ ಮ್ಯಾಲ ಬೆರಳಿಂದ ದಾರಿ ಎಳದು ರಬ್ಬರ್ ಬ್ಯಾಂಡ್ ಮಾಡ್ತೀರಲ್ಲ, ಬೆರಳು ಬಿಟ್ಟಲ್ಲಿ ಹೆಸರಿಲ್ಲದ ಅಕ್ಷಾಂಶ-ರೇಖಾಂಶದ ಪಾಯಿಂಟ್ ಹುಟ್ಟತೈತಿ. ಪ್ಯಾನೆಲ್‌ಗೆ ಅದು ಯೂಸರ್ ಪಾಯಿಂಟ್. ಎಟಿಸಿಗೆ ಹೇಳಾಕ ಹೆಸರ ಇಲ್ಲ, ನಿಮಗ ಓದಿ ಪರಿಶೀಲಿಸಾಕೂ ಬರಂಗಿಲ್ಲ. ಬೆರಳನ್ನ ಹತ್ತಿರದ ಫಿಕ್ಸ್ ಮ್ಯಾಲ, ವಿಒಆರ್ ಮ್ಯಾಲ ಬಿಡೋದ ರೂಢಿ ಮಾಡ್ಕೋರಿ.

429_ಬಸ್

ಬೆಂಗಳೂರಿನಿಂದ, ಏವಿಯಾನಿಕ್ಸ್ ಸಾಫ್ಟ್‌ವೇರ್ ಕಡೆಯವನು. ಭಟ್ಟರು "ಬಾಯಿಬಿಟ್ಟು ಓದಿ" ಅಂದಿದ್ದು ತಮಾಷೆಯಲ್ಲ ಅನ್ನುವುದಕ್ಕೆ ಹಳೆಯ ಪ್ರಕರಣ ಒಂದಿದೆ. 1995ರ ಡಿಸೆಂಬರ್ 20ರಂದು ಕೊಲಂಬಿಯಾದ ಕಾಲಿ ಹತ್ತಿರ ಅಮೆರಿಕನ್ ಏರ್‌ಲೈನ್ಸ್ 965, ಬೋಯಿಂಗ್ 757, ಬೆಟ್ಟಕ್ಕೆ ಬಡಿಯಿತು. 159 ಜನ ತೀರಿಕೊಂಡರು. ಪೈಲಟ್‌ಗಳಿಗೆ ಬೇಕಿದ್ದದ್ದು ರೋಸೊ ಅನ್ನುವ ಎನ್‌ಡಿಬಿ (ಹಳೆಯ ಬಗೆಯ ರೇಡಿಯೋ ಕೇಂದ್ರ), ಚಾರ್ಟಿನಲ್ಲಿ ಅದರ ಗುರುತು ಆರ್ ಎಂಬ ಒಂದೇ ಅಕ್ಷರ. ಎಫ್‌ಎಂಎಸ್‌ಗೆ (ವಿಮಾನದ ದಾರಿ ಕಂಪ್ಯೂಟರಿಗೆ) ಆರ್ ಹಾಕಿದಾಗ ಬಂದ ಪಟ್ಟಿಯ ತಲೆಯಲ್ಲಿದ್ದದ್ದು ಬೊಗೊಟಾ ಹತ್ತಿರದ ರೋಮಿಯೊ. ರೋಸೊ ಡೇಟಾಬೇಸಿನಲ್ಲಿ ಪೂರ್ತಿ ಹೆಸರಿನಲ್ಲಿ ಮಾತ್ರ ಇತ್ತು. ರೋಮಿಯೊವನ್ನೇ ಆಯ್ಕೆ ಮಾಡಿದರು, ಆಟೋಪೈಲಟ್ ಹೇಳಿದ ಕಡೆ ತಿರುಗಿತು. ಚಾರ್ಟ್ ಒಂದು ಹೇಳುತ್ತಿತ್ತು, ಡಬ್ಬಿ ಇನ್ನೊಂದು ಅರ್ಥ ಮಾಡಿಕೊಂಡಿತ್ತು. ಐಪ್ಯಾಡ್ ಮತ್ತು ಪ್ಯಾನೆಲ್ ನಡುವೆ ಇವತ್ತಿಗೂ ಇರುವ ಸಂದು ಅದೇ.

ದೊಡ್ಡ ವಿಮಾನಗಳಲ್ಲಿ ಟ್ಯಾಬ್ಲೆಟ್‌ಗೆ ಮಾಹಿತಿ ಸಿಗುವುದು ಸಾಮಾನ್ಯವಾಗಿ ಏರ್‌ಕ್ರಾಫ್ಟ್ ಇಂಟರ್‌ಫೇಸ್ ಡಿವೈಸ್ ಎಂಬ ಪೆಟ್ಟಿಗೆಯ ಮೂಲಕ. ಅದು ಆರಿಂಕ್ 429 ಬಸ್ಸನ್ನು (ಉಪಕರಣಗಳ ನಡುವಿನ ಮಾಹಿತಿ ತಂತಿ) ಆಲಿಸುತ್ತದೆ. ಆ ಬಸ್ಸಿನ ಸ್ವಭಾವವೇ ಹಾಗೆ: ಒಂದು ಜೋಡಿ ತಂತಿಯ ಮೇಲೆ ಮಾತಾಡುವವನು ಒಬ್ಬನೇ, ಕೇಳುವವರು 20ರವರೆಗೆ. ಕೇಳುವ ತಂತಿಯಲ್ಲಿ ಉತ್ತರ ಕೊಡಲು ಬಾಯಿಯೇ ಇಲ್ಲ. ಸಣ್ಣ ವಿಮಾನಗಳಲ್ಲಿ ಎರಡೂ ಕಡೆ ಮಾತು ಬಿಟ್ಟಿದ್ದಾರೆ, ಆದರೆ ಬಂದ ಪ್ಲಾನ್ ತಾನಾಗಿ ಹಾರಾಟಕ್ಕೆ ಇಳಿಯದ ಹಾಗೆ ಪೈಲಟ್ ಬೆರಳಿನ ಒಪ್ಪಿಗೆ ಕೇಳುತ್ತಾರೆ. ಪ್ರಿವ್ಯೂ ಪರದೆ ಇರುವುದು ಅದಕ್ಕೆ. ಅದನ್ನು ನೋಡದೆ ಒತ್ತುವುದು ಓದದೆ ಸಹಿ ಹಾಕಿದ ಹಾಗೆ.

ಮಲ್ಲಿಗೆ_172

ಚೆನ್ನಾಗಿ ಹೇಳಿದ್ರಿ ಸರ್. ಇನ್ನು ಹವಾಮಾನದ ವಿಷಯ. ದಾರಿ ಬದಲಿಸೋ ನಿರ್ಧಾರಾನೇ ಐಪ್ಯಾಡಿನ ರಾಡಾರ್ ಚಿತ್ರ ನೋಡಿ ಮಾಡೋದಲ್ವಾ? ಅದನ್ನ ಎಷ್ಟು ನಂಬ್ಬಹುದು?

ಹಾರುವ_ಭಟ್ಟ

ಮೋಡಗಳ ಸಂದಿನಲ್ಲಿ ನುಸುಳುವುದಕ್ಕೆ ಖಂಡಿತ ನಂಬಬೇಡಿ.

ಏಡಿಎಸ್-ಬಿಯಲ್ಲಿ ಬರುವ ಹವಾಮಾನ, ಅಂದರೆ 978 ಮೆಗಾಹರ್ಟ್ಸ್‌ನ ಫಿಸ್-ಬಿ, ನೆಲದ ಟವರುಗಳಿಂದ ಬರ್ತದೆ. ನೆಲದ ಮೇಲೆ, ಕಣಿವೆಯಲ್ಲಿ, ಸಿಗದೇ ಇರಬಹುದು. ಮೇಲೇರಿದ ಹಾಗೆ ಸಿಗ್ತದೆ. ಅದರ ನೆಕ್ಸ್‌ರಾಡ್ (ಹವಾಮಾನ ರಾಡಾರ್) ಚಿತ್ರದ ಮೇಲೆ "5 ನಿಮಿಷ ಹಳೆಯದು" ಅಂತ ಬರೆದಿರ್ತದೆ. ಅದು ಚಿತ್ರ ಜೋಡಿಸಿ ಆಗಿ ಎಷ್ಟು ಹೊತ್ತಾಯಿತು ಎನ್ನುವ ಲೆಕ್ಕ, ರಾಡಾರ್ ಆ ಮೋಡ ನೋಡಿ ಎಷ್ಟು ಹೊತ್ತಾಯಿತು ಎಂದಲ್ಲ. ಬೇರೆ ಬೇರೆ ರಾಡಾರುಗಳ ತುಂಡುಗಳನ್ನು ಹೊಲಿದು ಒಂದು ಚಿತ್ರ ಮಾಡ್ತಾರೆ, ಹೊಲಿಯುವುದಕ್ಕೆ ಹೊತ್ತು ಬೇಕು. ಅಮೆರಿಕದ ಅಪಘಾತ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ 2012ರ ಜೂನಿನಲ್ಲಿ ಇದರ ಬಗ್ಗೆಯೇ ಸುರಕ್ಷತಾ ಎಚ್ಚರಿಕೆ ಹೊರಡಿಸಿತ್ತು: ಕೆಲವೊಮ್ಮೆ ನಿಜವಾದ ವಯಸ್ಸು ಪರದೆಯಲ್ಲಿ ತೋರಿಸಿದ್ದಕ್ಕಿಂತ 15ರಿಂದ 20 ನಿಮಿಷ ಹೆಚ್ಚಿರಬಹುದು ಎಂದು. 20 ನಿಮಿಷದಲ್ಲಿ ಗುಡುಗು ಮೋಡ ಪೂರ್ತಿ ಬೆಳೆದು ದಾರಿ ಮುಚ್ಚಿರ್ತದೆ.

ನಿಮ್ಮ ಉದಾಹರಣೆಯಲ್ಲಿ ರಾಡಾರ್ ಪ್ರಯೋಜನಕ್ಕೇ ಬರುವುದಿಲ್ಲ ಮೇಡಂ. ಕ್ಯಾಲಿಫೋರ್ನಿಯಾ ಕರಾವಳಿಯ ಸಮುದ್ರ ಮೋಡ ಹೆಚ್ಚಾಗಿ ಮಳೆ ಸುರಿಸುವುದಿಲ್ಲ, ರಾಡಾರಿಗೆ ಕಾಣುವುದೂ ಇಲ್ಲ. ಪರದೆ ಪೂರ್ತಿ ಸ್ವಚ್ಛ, ಏರ್‌ಪೋರ್ಟ್ ಪೂರ್ತಿ ಮುಚ್ಚಿದೆ. ಅಲ್ಲಿ ನೋಡಬೇಕಾದ್ದು ಮೆಟಾರ್, ಅಂದರೆ ಏರ್‌ಪೋರ್ಟಿನ ಈಗಿನ ಹವಾಮಾನ ವರದಿ. ಸಾಂಟಾ ಬಾರ್ಬರಾ, ಸಾಂಟಾ ಮರಿಯಾ, ಸ್ಯಾನ್ ಲೂಯಿಸ್ ಒಬಿಸ್ಪೊ ಮೂರನ್ನೂ ಒಟ್ಟಿಗೆ ನೋಡಿ. ಮೂರೂ ಕಡಲ ಮಗ್ಗುಲಿನವು, ಒಂದು ಮುಚ್ಚಿದರೆ ಉಳಿದವೂ ಮುಚ್ಚುವುದು ಹೆಚ್ಚು. ಒಳನಾಡಿನ ಪಾಸೊ ರೋಬಲ್ಸ್, ಬೇಕರ್ಸ್‌ಫೀಲ್ಡ್ ಬೇರೆ ಗಾಳಿಯವು. ಹೀಗೆ ನಾಲ್ಕೈದು ಊರನ್ನು ಒಂದೇ ನೋಟದಲ್ಲಿ ಹೋಲಿಸುವುದಕ್ಕೆ ಐಪ್ಯಾಡಿನಷ್ಟು ಒಳ್ಳೆಯದು ಇನ್ನೊಂದಿಲ್ಲ. ಸಣ್ಣ ಪ್ಯಾನೆಲ್ ಪರದೆಯಲ್ಲಿ ಅದು ಹಿಂಸೆ.

ಇನ್ನೊಂದು, ಸಲೀನಸ್‌ನಿಂದ ಪಾಸೊ ರೋಬಲ್ಸ್‌ಗೆ ಸುಮಾರು 75 ಮೈಲಿಯ ಆ ನೇರ ಗೆರೆ ಕ್ಯಾಂಪ್ ರಾಬರ್ಟ್ಸ್ ಸೇನಾ ನೆಲೆಯ ನಿರ್ಬಂಧಿತ ವಲಯ ಆರ್-2504ಕ್ಕೆ ಹೋಗಿ ಮುಟ್ಟುತ್ತದೆ. ಐಪ್ಯಾಡ್ ಕೆಂಪು ಎಚ್ಚರಿಕೆ ಕೊಡ್ತದೆ, ಆದರೆ ಆ ಹೊತ್ತಿಗೆ ಅಲ್ಲಿ ಫಿರಂಗಿ ಹೊಡೀತಾ ಇದ್ದಾರೋ ಇಲ್ಲವೋ ಎಟಿಸಿ ಸೆಂಟರಿನವರನ್ನು ರೇಡಿಯೋದಲ್ಲಿ ಕೇಳಿಯೇ ತಿಳಿಯಬೇಕು.

429_ಬಸ್

ಅಂಕಿಗಳ ಬಗ್ಗೆ ಒಂದು ಸೂಕ್ಷ್ಮ. ಐಪ್ಯಾಡ್ ಹೇಳುವ ಉಳಿದ ಸಮಯ ಮತ್ತು ಜಿಟಿಎನ್ ಹೇಳುವ ಉಳಿದ ಸಮಯ ಹೊಂದುವುದಿಲ್ಲ. ಪ್ಲಾನ್ ಮಾಡುವಾಗ ಐಪ್ಯಾಡ್ ಹೊರಡುವ ಮುಂಚೆ ಇಳಿಸಿಕೊಂಡ ಗಾಳಿಯ ಮುನ್ಸೂಚನೆ ಮತ್ತು ನೀವು ತುಂಬಿದ ವಿಮಾನದ ವೇಗದಿಂದ ಲೆಕ್ಕ ಹಾಕುತ್ತದೆ. ಜಿಟಿಎನ್ ಉಳಿದ ದೂರವನ್ನು ಈ ಕ್ಷಣದ ಗ್ರೌಂಡ್‌ಸ್ಪೀಡಿನಿಂದ ಭಾಗಿಸುತ್ತದೆ. ಏರುವಾಗ ಜಿಟಿಎನ್ ಸುಳ್ಳು ಹೇಳುತ್ತದೆ, ಗಾಳಿ ಬದಲಾದ ಮೇಲೆ ಐಪ್ಯಾಡ್ ಸುಳ್ಳು ಹೇಳುತ್ತದೆ. ಸಮತಲ ಹಾರಾಟಕ್ಕೆ ಬಂದು ಹತ್ತು ನಿಮಿಷ ಆದಮೇಲೆ ಎರಡನ್ನೂ ಹೋಲಿಸಿ, ಕೆಟ್ಟ ಅಂಕಿ ಯಾವುದೋ ಅದರ ಮೇಲೆ ಇಂಧನದ ಲೆಕ್ಕ ಹಾಕಿ. ಅಮೆರಿಕದಲ್ಲಿ ವಿಎಫ್‌ಆರ್‌ಗೆ (ಹೊರಗೆ ಕಣ್ಣಲ್ಲಿ ನೋಡಿ ಹಾರುವ ನಿಯಮ) ಹಗಲು 30, ರಾತ್ರಿ 45 ನಿಮಿಷದ ಮೀಸಲು ಬೇಕು, ಐಎಫ್‌ಆರ್‌ಗೆ 45. ದಾರಿ ಬದಲಿಸಿದ ಮೇಲೆ ಮೊದಲು ನೋಡಬೇಕಾದ ಅಂಕಿ ಅದು.

ಜಿಪಿಎಸ್ ಸಿಗ್ನಲ್ಲೇ ಹೋದರೆ ಪ್ಯಾನೆಲ್, ಐಪ್ಯಾಡ್ ಎರಡೂ ಒಟ್ಟಿಗೆ ಕುರುಡು. ಎರಡು ಪರದೆ ಇದೆ ಅಂತ ಎರಡು ಆಧಾರ ಇದೆ ಅಂದುಕೊಳ್ಳಬೇಡಿ. ಪಾಸೊ ರೋಬಲ್ಸ್ ವಿಒಆರ್ ಟ್ಯೂನ್ ಮಾಡಿ ಇಟ್ಟಿರುವುದು ಹಳೇ ಕಾಲದ ಚಾಳಿಯಲ್ಲ.

ಜಕ್ಕೂರು_ರನ್‌ವೇ

ಇಲ್ಲಿ ಭಾರತದಲ್ಲಿ ಕಲೀತಾ ಇರೋರು ಓದ್ತಾ ಇದ್ದರೆ ಒಂದು ಮಾತು. ಐಪ್ಯಾಡ್, ಪ್ಯಾನೆಲ್, ಎಟಿಸಿ ಮೂರೂ ಬೇರೆ ಬೇರೆ ಪ್ರತಿಗಳು. ಪ್ಯಾನೆಲ್‌ಗೆ ಕಳಿಸಿದ್ದು ಎಟಿಸಿಗೆ ಹೋಗಲ್ಲ. ಅಮೆರಿಕದಲ್ಲಿ ವಿಎಫ್‌ಆರ್ ಅಂದರೆ ರೇಡಿಯೋದಲ್ಲಿ ಹೇಳಿ ತಿರುಗಬಹುದಾದ ಜಾಗ ಬಹಳ. ನಮ್ಮಲ್ಲಿ ಹೊರಡುವ ಮುಂಚೆಯೇ ಎಫ್‌ಐಸಿ (ಹಾರಾಟ ಮಾಹಿತಿ ಕೇಂದ್ರ) ಮತ್ತು ಎಡಿಸಿ (ವಾಯು ರಕ್ಷಣಾ ಅನುಮತಿ) ನಂಬರ್ ತಗೊಂಡು ಆ ದಾರಿಗೇ ಅನುಮತಿ ಪಡೆದಿರ್ತೀವಿ. ಜಕ್ಕೂರಿನ ಪಕ್ಕದಲ್ಲೇ ಯಲಹಂಕ ವಾಯುನೆಲೆ. ಟ್ಯಾಬ್ಲೆಟ್ಟಿನಲ್ಲಿ ಚೆಂದದ ಗೆರೆ ಎಳೆದ ಮಾತ್ರಕ್ಕೆ ಆ ಕಡೆ ಮೂಗು ತಿರುಗಿಸೋ ಹಾಗಿಲ್ಲ. ಮೊದಲು ರೇಡಿಯೋ, ಆಮೇಲೆ ಗೆರೆ.

ಮಲ್ಲಿಗೆ_172

ಸರಿ. ಈಗ ಸಂಪರ್ಕ ಕಡಿದು ಹೋಗೋ ಕಥೆ. ಒಂದು ದಿನ ಜೋಡಣೆ ಆಗುತ್ತೆ, ಇನ್ನೊಂದು ದಿನ ಆಗಲ್ಲ. ಐಪ್ಯಾಡ್ ಅದೇ, ವಿಮಾನ ಅದೇ.

ವೈರಿಂಗ್_ಗೌಡ

ಕ್ಲಬ್ಬಿನ ವಿಮಾನ ಅಂದ್ರಲ್ಲ ಅಕ್ಕ, ಅಲ್ಲೇ ಉತ್ತರ ಇದೆ.

ಫ್ಲೈಟ್ ಸ್ಟ್ರೀಮ್‌ಗೆ ಏಕಕಾಲಕ್ಕೆ ಬ್ಲೂಟೂತಿನಲ್ಲಿ ಎರಡೇ ಸಾಧನ. ಹಿಂದೆ ಹಾರಿದೋರ ಐಪ್ಯಾಡ್, ಫೋನ್ ಎಲ್ಲ ಅದರ ಪಟ್ಟಿಯಲ್ಲಿ ಉಳಿದಿರುತ್ತೆ. ಪಕ್ಕದಲ್ಲಿ ಕೂತಿರೋ ಇನ್‌ಸ್ಟ್ರಕ್ಟರ್ ಜೇಬಿನ ಫೋನು, ಬ್ಯಾಗಿನಲ್ಲಿರೋ ಅವರ ಐಪ್ಯಾಡು ಎರಡೂ ತಾವಾಗೇ ಜೋಡಿಸ್ಕೊಂಡ್ರೆ ನಿಮ್ಮದಕ್ಕೆ ಜಾಗ ಇಲ್ಲ. ಜಿಟಿಎನ್‌ನ ಕನೆಕ್ಸ್ಟ್ ಸೆಟಪ್ ಪುಟ ತೆಗೆದು ಈಗ ಯಾರು ಜೋಡಣೆಯಲ್ಲಿದ್ದಾರೆ ನೋಡಿ, ಬೇಡದ್ದರ ಆಟೋ ರಿಕನೆಕ್ಟ್ ಆಫ್ ಮಾಡಿ. ಎಲ್ಲರ ಐಪ್ಯಾಡಿನ ಹೆಸರೂ "ಐಪ್ಯಾಡ್" ಅಂತಾನೇ ಇದ್ರೆ ಯಾವುದು ಯಾರದ್ದು ಅಂತ ದೇವರಿಗೇ ಗೊತ್ತು. ಸೆಟ್ಟಿಂಗ್ಸ್‌ನಲ್ಲಿ ನಿಮ್ಮದಕ್ಕೆ ಬೇರೆ ಹೆಸರಿಡಿ.

ಐಪ್ಯಾಡ್ ಸಾಫ್ಟ್‌ವೇರ್ ಅಪ್‌ಡೇಟ್ ಆದಮೇಲೆ ಜೋಡಣೆ ಸತಾಯಿಸಿದ್ರೆ ಒಂದೇ ಕಡೆ ಅಳಿಸಬೇಡಿ. ಐಪ್ಯಾಡಿನಲ್ಲಿ ಫರ್ಗೆಟ್, ಜಿಟಿಎನ್‌ನಲ್ಲೂ ರಿಮೂವ್, ಆಮೇಲೆ ಹೊಸದಾಗಿ ಜೋಡಿಸಿ. ಹಾರೋ ಹಿಂದಿನ ರಾತ್ರಿ ಅಪ್‌ಡೇಟ್ ಹಾಕೋ ಚಟ ಬಿಡಿ.

ಅವಿಡೈನ್ ಐಎಫ್‌ಡಿ ಥರ ವೈಫೈನಲ್ಲಿ ಮಾತಾಡೋ ಪ್ಯಾನೆಲ್ ಇದ್ರೆ ರೋಗ ಬೇರೆ. ಐಒಎಸ್ 14ರಿಂದ ಆ್ಯಪ್‌ಗೆ ಲೋಕಲ್ ನೆಟ್‌ವರ್ಕ್ ಅನುಮತಿ ಬೇಕು. ಮೊದಲ ಸಲ ಕೇಳಿದಾಗ ಬೇಡ ಅಂದಿದ್ರೆ ವೈಫೈ ಗುರುತು ಇರುತ್ತೆ, ಮಾಹಿತಿ ಬರಲ್ಲ. ಇನ್ನೊಂದು, ಹ್ಯಾಂಗರಿನ ವೈಫೈಗೆ ಆಟೋ ಜಾಯಿನ್ ಇದ್ರೆ ಐಪ್ಯಾಡ್ ಟ್ಯಾಕ್ಸಿ ಮಾಡೋವರೆಗೂ ಅದಕ್ಕೇ ಅಂಟ್ಕೊಂಡಿರುತ್ತೆ.

ಆಮೇಲೆ ಐಪ್ಯಾಡ್ ಕೊಳ್ಳೋರಿಗೆ: ಸಿಮ್ ಇಲ್ಲದ ವೈಫೈ ಮಾತ್ರದ ಮಾದರಿಯಲ್ಲಿ ಜಿಪಿಎಸ್ಸೇ ಇಲ್ಲ. ಸೆಲ್ಯುಲರ್ ಮಾದರಿಯಲ್ಲಿ ಇದೆ, ಅದಕ್ಕೆ ಡೇಟಾ ಪ್ಲಾನ್ ಹಾಕಿಸ್ದೇ ಇದ್ರೂ ಕೆಲಸ ಮಾಡುತ್ತೆ. ಪ್ಯಾನೆಲ್ ಸಂಪರ್ಕ ಕಡಿದಾಗ ನಕಾಶೆಯಲ್ಲಿ ನಿಮ್ಮ ವಿಮಾನ ಉಳಿಯೋದು ಆ ಚಿಪ್ಪಿನಿಂದ. ಏರೋಪ್ಲೇನ್ ಮೋಡ್ ಹಾಕಿ, ಬ್ಲೂಟೂತ್ ಮತ್ತೆ ಆನ್ ಮಾಡಿ. ಐಒಎಸ್ 8.3ರಿಂದ ಈಚೆಗೆ ಏರೋಪ್ಲೇನ್ ಮೋಡಿನಲ್ಲೂ ಜಿಪಿಎಸ್ ಬದುಕಿರುತ್ತೆ.

ಧಾರವಾಡ_ಪೇಢಾ

ಬಿಸಲಿನ ಮಾತು ಯಾರೂ ಎತ್ತಲಿಲ್ಲಲ್ರಿ. ಆ್ಯಪಲ್‌ನವರ ಲೆಕ್ಕದಾಗ ಐಪ್ಯಾಡ್ ಕೆಲಸ ಮಾಡೋದು 35 ಡಿಗ್ರಿ ತನಕ. ಬ್ಯಾಸಿಗ್ಯಾಗ ನಿಂತ ಸೆಸ್ನಾದ ಒಳಗ ಅದು ಬೆಳಿಗ್ಗೆ ಹತ್ತಕ್ಕ ದಾಟಿರತೈತಿ. ಕಾಜಿನ ಹಿಂದ ಬಿಸಲು, ಪರದಿ ಪೂರ್ತಿ ಬೆಳಕು, ಮ್ಯಾಲ ಚಾರ್ಜಿಂಗ್, ಅದರ ಮ್ಯಾಲ ದಪ್ಪ ಕವರು. ತಾಪಮಾನದ ಗುರುತು ತೋರಿಸಿ ಆರಿಬಿಡತೈತಿ, ಅದೂ ನಿಮಗ ಬೇಕಾದ ಹೊತ್ತಿನ್ಯಾಗ.

ಕವರ್ ತಗೀರಿ. ಗಾಳಿ ವೆಂಟಿನ ಹತ್ರ ಹಚ್ರಿ. ಬ್ಯಾಟರಿ ಸಾಕಷ್ಟ ಇದ್ರ ಚಾರ್ಜರ್ ಕಿತ್ತಿಡ್ರಿ, ಚಾರ್ಜಿಂಗ್ ಶಾಖ ದೊಡ್ಡದು. ಗ್ಲೇರ್‌ಶೀಲ್ಡ್ (ಪ್ಯಾನೆಲ್ ಮ್ಯಾಲಿನ ಕಟ್ಟಿ) ಮ್ಯಾಲ ಇಟ್ಟು ಚಾ ಕುಡ್ಯಾಕ ಹೋಗಬ್ಯಾಡ್ರಿ. ಫೋನಿನ್ಯಾಗ ಅದ ಆ್ಯಪ್, ಅದ ಚಾರ್ಟ್ ಇಳಿಸಿ ಜೇಬಿನ್ಯಾಗ ತಣ್ಣಗ ಇಟ್ಕೋರಿ.

ವೈರಿಂಗ್_ಗೌಡ

ಚಾರ್ಜರ್ ಬಗ್ಗೆ: ಕಾರಿನ ಅಗ್ಗದ ಚಾರ್ಜರ್ ತಂದು ಸಿಗರೇಟ್ ಲೈಟರ್ ತೂತಿಗೆ ಚುಚ್ಚೋ ಮುಂಚೆ ನಿಮ್ಮ ವಿಮಾನ 14 ವೋಲ್ಟ್‌ದೋ 28 ವೋಲ್ಟ್‌ದೋ ನೋಡಿ. 12 ವೋಲ್ಟಿಗೆ ಮಾತ್ರ ಮಾಡಿದ್ದು 28ರಲ್ಲಿ ಸುಟ್ಟು ಹೋಗುತ್ತೆ, ವಾಸನೆ ಕಾಕ್‌ಪಿಟ್ ತುಂಬಾ. 12ರಿಂದ 28 ವೋಲ್ಟ್ ತಾಳೋದೇ ಬೇಕು. 1 ಆಂಪ್ ಕೊಡೋದು ಸಾಲಲ್ಲ, ಪರದೆ ಪೂರ್ತಿ ಬೆಳಗ್ತಾ ಇದ್ರೆ ಚಾರ್ಜ್ ಆಗ್ತಿದ್ರೂ ಬ್ಯಾಟರಿ ಇಳೀತಾನೇ ಇರುತ್ತೆ. 2.4 ಆಂಪ್ ಇರಲಿ, ಅಥವಾ ಹೊಸ ಟೈಪ್-ಸಿ. ಕೆಲವು ಅಗ್ಗದವು ರೇಡಿಯೋಗೆ ಸದ್ದು ತುಂಬುತ್ತೆ. ಪರೀಕ್ಷೆ ಸುಲಭ: ರೇಡಿಯೋದ ಸ್ಕ್ವೆಲ್ಚ್ (ಗುಂಯ್ ಸದ್ದು ತಡೆಯೋದು) ತೆರೆದಿಟ್ಟು ಚಾರ್ಜರ್ ಹಾಕಿ ತೆಗೆದು ಮಾಡಿ, ಗುಂಯ್ ಅನ್ನೋದು ಬದಲಾದ್ರೆ ಆ ಚಾರ್ಜರ್ ಮನೆಗೆ.

ಮೌಂಟು ಯೋಕಿಗೆ (ವಿಮಾನ ನಡೆಸೋ ಹಿಡಿಗೆ) ಹಾಕಿದ್ರೆ ಹೊರಡೋ ಮುಂಚೆ ಯೋಕನ್ನ ಪೂರ್ತಿ ಎಳೆದು, ಎಡಬಲ ಪೂರ್ತಿ ತಿರುಗಿಸಿ ನೋಡಿ. ಐಪ್ಯಾಡಿನ ಮೂಲೆ ತೊಡೆಗೋ ಕೀಲಿಗೋ ತಗುಲಬಾರದು. ಪೋಲರೈಸ್ಡ್ ಕನ್ನಡಕ ಹಾಕೋರು ಐಪ್ಯಾಡನ್ನ ಅಡ್ಡ, ಉದ್ದ ಎರಡೂ ಹಿಡಿದು ನೋಡಿ, ಒಂದರಲ್ಲಿ ಪರದೆ ಕಪ್ಪಾಗಬಹುದು.

ಮಲ್ಲಿಗೆ_172

ನನ್ನದು ಮ್ಯಾಗ್ನೆಟ್ ಇರೋ ಕವರ್, ವಿಂಡ್‌ಶೀಲ್ಡ್ ಮಧ್ಯದಲ್ಲಿ ಸಕ್ಷನ್ ಮೌಂಟ್. ಪರ್ವಾಗಿಲ್ವಾ?

ವೈರಿಂಗ್_ಗೌಡ

172ರಲ್ಲಿ ಕಂಪಾಸ್ ಇರೋದೂ ಅದೇ ಮಧ್ಯದಲ್ಲಲ್ವಾ ಅಕ್ಕ? ಐಪ್ಯಾಡ್ ಇಲ್ಲದೆ ಕಂಪಾಸ್ ಓದಿ ಬರೆದಿಟ್ಕೊಳ್ಳಿ, ಐಪ್ಯಾಡ್ ಹಚ್ಚಿ ಮತ್ತೆ ಓದಿ. ಅಂಕಿ ಅಲ್ಲಾಡಿದ್ರೆ ಕವರ್ ತೆಗೆದು ಇನ್ನೊಮ್ಮೆ ಓದಿ. ಆಮೇಲೂ ಅಲ್ಲಾಡಿದ್ರೆ ಮೌಂಟನ್ನ ಎಡಗಡೆ ಪಕ್ಕದ ಕಿಟಕಿಗೆ ಹಾಕಿ.